ಕಲ್ಲಿನಲ್ಲಿಲ್ಲದ ಕೈ

ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ನಮ್ಮದು ಚಿತ್ರಗಾರರ ಮನೆ. ಹಗುರ ಮರದಲ್ಲಿ ದೇವರು, ಗೊಂಬೆ, ತೊಟ್ಟಿಲು ಕೆತ್ತಿ ಬಣ್ಣ ಹಾಕುವುದು ಕಸುಬು. ಆ ಮನೆಯಲ್ಲಿ ಯಾವ ಮೂರ್ತಿಯೂ ಒಬ್ಬರದಾಗಿರಲಿಲ್ಲ. ಅಪ್ಪ ಮರ ಕೆತ್ತುತ್ತಿದ್ದ. ಅವ್ವ ಹುಣಸೆ ಬೀಜದ ಅಂಟು ಕುದಿಸಿ ಹಚ್ಚುತ್ತಿದ್ದಳು. ನಾನು ಮೈಬಣ್ಣ ತುಂಬುತ್ತಿದ್ದೆ. ನನ್ನ ತಂಗಿ ಅಳಿಲಿನ ಕೂದಲಿನ ಕುಂಚ ಹಿಡಿದು ಸೀರೆಯ ಅಂಚು, ಹುಬ್ಬು, ಎಲ್ಲಕ್ಕೂ ಕೊನೆಗೆ ಕಣ್ಣು ಬರೆಯುತ್ತಿದ್ದಳು. ಒಬ್ಬರು ಊಟಕ್ಕೆ ಎದ್ದರೆ ಅವರು ಅರ್ಧಕ್ಕೆ ಬಿಟ್ಟ ಗೆರೆಯನ್ನು ಪಕ್ಕದಲ್ಲಿದ್ದವರು ಮುಂದುವರಿಸುತ್ತಿದ್ದರು. ಕೇಳಿ ಮಾಡುವ ಪದ್ಧತಿ ಇರಲಿಲ್ಲ. ಕೇಳಿದರೆ ಅಪ್ಪನೇ ಬೈಯುತ್ತಿದ್ದ: "ಕೈ ಐತಿಲ್ಲೋ ನಿನಗ? ಮುಗಸು."

ಇನ್ನೊಂದು ಕಟ್ಟುನಿಟ್ಟೂ ಇತ್ತು. ಭಿನ್ನವಾದ ಮೂರ್ತಿ, ಅಂದರೆ ಕೈಯೋ ಬೆರಳೋ ಮುರಿದದ್ದು, ಹಾಗೆಯೇ ನಮ್ಮ ಹೊಸ್ತಿಲು ದಾಟಬಾರದು. ದುರಸ್ತಿಗೆ ಬಂದದ್ದು ಅಂಗ ತುಂಬಿಕೊಂಡೇ ಹೋಗಬೇಕು. ಇವೆರಡನ್ನು ಮೊದಲೇ ಹೇಳುತ್ತಿರುವುದು ನೆಪ ಹುಡುಕಲಿಕ್ಕಲ್ಲ. ನಾನು ಮಾಡಿದ ತಪ್ಪಿನಲ್ಲಿ ಅರ್ಧ ಮಾತ್ರ ಈ ಪದ್ಧತಿಗಳಿಂದ ಆಯಿತು. ಉಳಿದರ್ಧ ನನ್ನದೇ.

ನನ್ನ ಸಾಲಿ ಮೂರನೆಯ ಪುಸ್ತಕಕ್ಕೆ ಮುಗಿಯಿತು. ತಂಗಿ ಮುಂದೆ ಓದಿದಳು. ಕೊಪ್ಪಳದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೆಣ್ಣುಮಕ್ಕಳ ಸಾಲಿಗೆ ಹೋಗುತ್ತಿದ್ದಳು. ನಿಜಾಮರ ಕಾಲ; ಪಾಠವೆಲ್ಲ ಉರ್ದುವಿನಲ್ಲಿ, ಸೂಟಿ ಶುಕ್ರವಾರ. ಗುರುವಾರ ಸಂಜೆ ಯಾವುದಾದರೂ ಬಂಡಿ ಹತ್ತಿ ಊರಿಗೆ ಬರುತ್ತಿದ್ದಳು. ವಾರವೆಲ್ಲ ನಾವು ಮಾಡಿಟ್ಟ ಗೊಂಬೆಗಳು ಕಣ್ಣಿಲ್ಲದೆ ಅವಳ ದಾರಿ ಕಾಯುತ್ತಿದ್ದವು. ಶುಕ್ರವಾರ ಬೆಳಿಗ್ಗೆ ಅವಳು ಕೂತರೆ ಸಂಜೆಯ ಹೊತ್ತಿಗೆ ಎಲ್ಲವೂ ನಮ್ಮನ್ನು ನೋಡುತ್ತಿದ್ದವು. ನನ್ನ ಕೈ ದಪ್ಪ. ನಾನು ಬರೆದ ಕಣ್ಣು ನೋಡಿ ಅವ್ವ, "ಲಕ್ಷ್ಮಿ ಅಲ್ಲೋ ಇದು, ಪೊಲೀಸ್ ಪಾಟೀಲನ ಹೆಂಡ್ತಿ" ಅನ್ನುತ್ತಿದ್ದಳು.

ಆ ಸಾಲಿಗೆ ಚಿತ್ರ ಕಲಿಸಲು ಒಬ್ಬ ಉಸ್ತಾನಿ ಬಂದರು. ಹೆಣ್ಣು ಮಾಸ್ತರರನ್ನು ಆಗ ಹಾಗೆ ಕರೆಯುತ್ತಿದ್ದೆವು. ನಡುವಯಸ್ಸಿನ ವಿಧವೆ, ಗಂಗಾವತಿಯ ಕಡೆಯವರು, ಹೈದರಾಬಾದಿನಲ್ಲಿ ಕಲಿತವರು. ಮನೆಮಾತು ದಖನಿ ಉರ್ದು, ಕನ್ನಡವನ್ನು ನಮಗಿಂತ ಗಟ್ಟಿಯಾಗಿ ಆಡುತ್ತಿದ್ದರು. ಬರೆಯುವುದನ್ನಷ್ಟೇ ಅಲ್ಲ, ಹಿಂದಿನವರು ಹೇಗೆ ಕೆತ್ತಿದರು, ಹೇಗೆ ಬಣ್ಣ ಹಾಕಿದರು, ಯಾವುದು ಮೊದಲು ಯಾವುದು ಆಮೇಲೆ ಎಂಬುದನ್ನೂ ಕಲಿಸುತ್ತಿದ್ದರು. ಪುಸ್ತಕದ ಮಸುಕು ಚಿತ್ರಗಳನ್ನು ತೋರಿಸಿ ತೋರಿಸಿ ಅವರಿಗೇ ಬೇಸರ ಬಂತು. ಯುದ್ಧದ ವರ್ಷಗಳಲ್ಲಿ ಒಂದು ಚಳಿಗಾಲದ ಸೂಟಿಗೆ ಮೂವರು ಹುಡುಗಿಯರನ್ನು ಹೈದರಾಬಾದಿನ ಅಜಾಯಬಘರಗಳಿಗೆ, ಅಂದರೆ ಹಳೆಯ ವಸ್ತು ಕೂಡಿಟ್ಟು ತೋರಿಸುವ ಮನೆಗಳಿಗೆ, ಕರೆದುಕೊಂಡು ಹೋಗುತ್ತೇನೆಂದರು. ಅಲ್ಲಿ ಒಬ್ಬೊಬ್ಬಳೂ ಒಂದು ವಸ್ತು ಆರಿಸಿಕೊಂಡು, ಅದರ ಎದುರು ಕೂತು ಚಿತ್ರ ಬರೆಯಬೇಕು. ಯಾರದು ಒಪ್ಪಿಗೆಯಾಗುತ್ತದೋ ಅವಳನ್ನು ಡ್ರಾಯಿಂಗ್ ತರಬೇತಿಗೆ ಶಿಫಾರಸು ಮಾಡುವರು. ಎರಡು ವರ್ಷ ಹೈದರಾಬಾದಿನಲ್ಲೇ ವಾಸ, ಊಟ ವಸತಿ ಸರ್ಕಾರದ್ದು. ಶಿಫಾರಸು ಒಬ್ಬಳಿಗೆ ಮಾತ್ರ.

ತಂಗಿಗೆ ಅದು ಬೇಕಾಗಿತ್ತು. ಬಾಯಿಬಿಟ್ಟು ಕೇಳುವ ಹುಡುಗಿಯಲ್ಲ. ಆದರೂ ಆ ಶುಕ್ರವಾರ ಗೊಂಬೆಗೆ ಹುಬ್ಬು ಎಳೆಯುತ್ತ, ತಲೆ ಎತ್ತದೆ, "ಅಣ್ಣ, ನನಗ ಅಲ್ಲಿ ಇರಬೇಕಂತ ಆಸೆ ಐತಿ" ಅಂದಳು. ನಾನು ಹೂಂ ಅಂದೆ.

ಅಪ್ಪ ಕೊಪ್ಪಳಕ್ಕೆ ಹೋಗಿ ಉಸ್ತಾನಿಯವರ ಕಟ್ಟೆಯ ಮೇಲೆ ಕೂತು ಕೇಳಿದ: "ಅಷ್ಟು ದೂರರೀ ಬಾಯಾರ. ಜೋಡಿ ಗಂಡಾಳು ಯಾರು ಇರ್ತಾರ?"

"ನಾ ಇರ್ತೀನಲ್ಲ" ಅಂದರು ಉಸ್ತಾನಿ, ಬಾಗಿಲ ಪರದೆಯ ಹಿಂದಿನಿಂದ.

"ನೀವು ಗಂಡಾಳಲ್ಲಲ್ರಿ."

"ನಮ್ಮ ಅತ್ತಿಯಾರನ್ನ ಕೇಳ್ರಿ, ಬ್ಯಾರೆ ಹೇಳ್ತಿದ್ರು. ಹೋಗ್ಲಿ, ನಿಮ್ಮ ಮಗನ್ನ ಕಳಸ್ರಿ. ಟ್ರಂಕು ಹೊರಾಕ ಒಬ್ಬರು ಬೇಕ ಬೇಕು."

ಹೀಗೆ ನಾನು ಟ್ರಂಕು ಹೊರುವವನಾಗಿ ಹೊರಟೆ. ಹೊಸಪೇಟೆ ದಾಟಿದವನಲ್ಲ. ಉಳಿದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಗಂಗಾವತಿಯ ಅಕ್ಕಿ ವ್ಯಾಪಾರಿಯ ಮಗಳು, ಇನ್ನೊಬ್ಬಳು ಯಲಬುರ್ಗಾದ ವಕೀಲರ ಮಗಳು. ಹೆಂಗಸರ ಡಬ್ಬಿಯಲ್ಲಿ ಅವರು, ಪಕ್ಕದ ಡಬ್ಬಿಯಲ್ಲಿ ಸಿಪಾಯಿಗಳ ನಡುವೆ ಟ್ರಂಕಿನ ಮೇಲೆ ನಾನು. ಗುಂತಕಲ್ಲಿನಲ್ಲಿ ಇಳಿದು ಬೇರೆ ಗಾಡಿ ಹತ್ತುವಾಗ ನಾನೇ ಕಳೆದುಹೋಗಿದ್ದೆ. ಹುಡುಕಿಕೊಂಡು ಬಂದವಳು ತಂಗಿ. ವಕೀಲರ ಮಗಳು ಕಿಟಕಿಯಿಂದ, "ಕಾಯಾಕ ಬಂದೋರನ್ನ ಯಾರು ಕಾಯಬೇಕ್ರಿ ಉಸ್ತಾನಿ?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೈದರಾಬಾದಿನ ಆ ದಿನಗಳನ್ನು ನೆನೆದರೆ ಈಗಲೂ ನನಗೆ ಸುಖವೇ ಅನ್ನಿಸುತ್ತದೆ. ಕಾಚಿಗೂಡ ಸ್ಟೇಷನ್ನಿಗೆ ಹತ್ತಿರದ ಒಂದು ಧರ್ಮಶಾಲೆಯಲ್ಲಿ ಇಳಿದಿದ್ದೆವು. ಬೆಳಿಗ್ಗೆ ಟಾಂಗಾ ಮಾಡಿಕೊಂಡು ದೊಡ್ಡ ತೋಟದೊಳಗಿನ ಅಜಾಯಬಘರಕ್ಕೆ ಹೋದೆವು. ಒಳಗೆ ಕಾಲಿಟ್ಟ ಕೂಡಲೇ ಉಸ್ತಾನಿ ಬುರ್ಖಾದ ಮುಖಪರದೆ ಎತ್ತಿ ಹಿಂದಕ್ಕೆ ಹಾಕಿಕೊಂಡರು. ಕೈಯಲ್ಲಿ ಒಂದು ದೊಡ್ಡ ಕರವಸ್ತ್ರ. ಯಾವ ಕಲ್ಲಿನ ಮುಂದೆ ನಿಂತರೂ ಅದರ ಕೆಳಗಿನ ಚೀಟಿಯ ಮೇಲೆ ಆ ಕರವಸ್ತ್ರ ಮುಚ್ಚುತ್ತಿದ್ದರು. "ಮೊದಲ ಕಣ್ಣು, ಆಮ್ಯಾಲ ಕಾಗದ" ಅನ್ನುತ್ತಿದ್ದರು. ಹುಡುಗಿಯರು ನೋಡಿ ನೋಡಿ ಹೇಳಬೇಕು: ಎಂಥ ಕಲ್ಲು, ಎಲ್ಲಿಯದಿರಬಹುದು, ಇದು ಮೊದಲೋ ಪಕ್ಕದ್ದು ಮೊದಲೋ. ಆಮೇಲೆ ಕರವಸ್ತ್ರ ತೆಗೆದು ಉರ್ದು ಚೀಟಿ ಓದಿಸುವುದು.

ಮೂರು ಹೆಣ್ಣುಮೂರ್ತಿಗಳ ಮುಂದೆ ಅರ್ಧ ದಿನ ನಿಂತೆವು. ಒಂದು ತೆಳು ಬಿಳುಪಿನ ಕಲ್ಲು, ಒಂದು ಕೆಂಪು ಮರಳುಗಲ್ಲು, ಒಂದು ಕರಿಯ ನುಣುಪು ಕಲ್ಲು. ಗಂಗಾವತಿಯ ಹುಡುಗಿ, ಮೂಗು ಮುಖ ಎಲ್ಲ ಸವೆದ ಕೆಂಪುಕಲ್ಲೇ ಎಲ್ಲಕ್ಕೂ ಹಳೆಯದು ಅಂದಳು.

"ಸವದದ್ದೆಲ್ಲ ಹಳೇದಲ್ಲ ಬೇಟಾ. ನನ್ನ ಚಪ್ಪಲಿ ನೋಡು, ಮೊನ್ನೆ ದಸರಾಕ್ಕ ತೊಗೊಂಡಿದ್ದು."

ತಂಗಿ ಮೂರರ ಹತ್ತಿರವೂ ಬಗ್ಗಿ ನೋಡಿ ಬಂದು, ಕೊರಳ ಸರಗಳನ್ನು ನೋಡಬೇಕು ಅಂದಳು. ಬಿಳಿಕಲ್ಲಿನಲ್ಲಿ ಸರ ಮೈಗೆ ಅಂಟಿಕೊಂಡಿದೆ, ಕೆಂಪುಕಲ್ಲಿನಲ್ಲಿ ಸ್ವಲ್ಪ ಎದ್ದಿದೆ, ಕರಿಯದರಲ್ಲಿ ಮಣಿಮಣಿಯ ಹಿಂದೆಯೂ ಉಳಿ ಹೋಗಿ ಸರದ ನೆರಳು ಎದೆಯ ಮೇಲೆ ಬಿದ್ದಿದೆ. ಅಷ್ಟು ಬಿಡಿಸುವ ಕೈ ಆಮೇಲಿನದಿರಬೇಕು ಅಂದಳು. ಉಸ್ತಾನಿ ಕರವಸ್ತ್ರ ತೆಗೆದರು. ತಂಗಿ ಹೇಳಿದ ಕ್ರಮವೇ ಸರಿ ಇತ್ತು. ಕರಿಯ ಕಲ್ಲು ನಮ್ಮ ಯಲಬುರ್ಗಾ ತಾಲೂಕಿನಿಂದ ತಂದದ್ದಂತೆ. ವಕೀಲರ ಮಗಳು, "ನಾ ಟಿಕೀಟು ತಗಸಿ ನಮ್ಮೂರ ಕಲ್ಲು ನೋಡಾಕ ಬಂದಂಗಾತು" ಅಂದಳು. ನನಗೆ ಮಾತ್ರ ಬಹಳ ಹಿಗ್ಗಾಯಿತು. ನಮ್ಮ ಕಡೆಯ ಒಂದು ವಸ್ತುವನ್ನು ಜನ ಕಾವಲಿಟ್ಟು ಕಾಯುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಬೇರೊಂದು ಕೋಣೆಯಲ್ಲಿ ಅಜಂತಾ ಗವಿಗಳ ಚಿತ್ರಗಳ ನಕಲುಗಳಿದ್ದವು. ಅಲ್ಲಿ ನಾನು ಟ್ರಂಕಿನವನೆಂಬುದನ್ನು ಮರೆತೆ. ಕೆಮ್ಮಣ್ಣು, ಕಾಡಿಗೆ, ಎಲೆಹಸಿರು, ಎಲ್ಲ ನನಗೆ ಪರಿಚಯದ ಬಣ್ಣಗಳು. ಆದರೆ ನಡುನಡುವೆ ಗಾರೆ ಉದುರಿದ ಜಾಗಗಳನ್ನೂ ನಕಲು ಮಾಡಿದವರು ಹಾಗೆಯೇ ಬೂದುಬಣ್ಣದಲ್ಲಿ ಬರೆದಿದ್ದರು. ಒಬ್ಬ ರಾಣಿಗೆ ಗಲ್ಲವೇ ಇಲ್ಲ.

"ಕೆಲಸ ಅರ್ಧಕ್ಕ ಬಿಟ್ಟಾರಲ್ಲ" ಅಂದೆ.

"ಬಿಟ್ಟಿಲ್ಲಣ್ಣ. ಅಲ್ಲಿ ಹಂಗ ಐತಿ, ಇಲ್ಲೂ ಹಂಗ ಬರದಾರ" ಅಂದಳು ತಂಗಿ.

"ತುಂಬಿಸಿದ್ರ ಏನ್ ಹೋಗ್ತಿತ್ತು?"

"ತುಂಬಿಸಿದ್ರ ಅವರದಾಗ್ತಿತ್ತು, ಅಜಂತಾದ್ದು ಆಗ್ತಿರ್ಲಿಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ನಾನು ಕೇಳಿದೆ. ತಲೆಗೆ ಹೋಗಲಿಲ್ಲ.

ಮರುದಿನ ಒಂದು ಹಳೆಯ ಹವೇಲಿಯ ಸಂಗ್ರಹ ನೋಡಲು ಉಸ್ತಾನಿ ಯಾರಿಂದಲೋ ಒಪ್ಪಿಗೆ ತಂದಿದ್ದರು. ಚೀನಾದ ಪಿಂಗಾಣಿ, ಹಸಿರುಕಲ್ಲಿನ ಹಿಡಿಯ ಚೂರಿಗಳು, ಬೀದರಿನ ಹುಕ್ಕಾಗಳು. ನನ್ನನ್ನು ಒಳಗೆ ಬಿಡಲಿಲ್ಲ. ಚಪ್ಪಲಿ ಕಾಯುತ್ತ ಹೊರಗೆ ಕೂತೆ. ಗಂಗಾವತಿಯ ಹುಡುಗಿ ಅಲ್ಲಿ ಒಂದು ನೆಗ್ಗಿದ ಹುಕ್ಕಾ ಆರಿಸಿಕೊಂಡಳು. ವಕೀಲರ ಮಗಳು ಒಂದು ಪಿಂಗಾಣಿ ತಟ್ಟೆ. ತಂಗಿ ಮೊದಲ ದಿನವೇ ಆರಿಸಿಕೊಂಡಿದ್ದಳು, ಆ ಕರಿಯ ಕಲ್ಲನ್ನು.

ಆ ಮೂರ್ತಿಗೆ ಬಲಗೈ ಮೊಣಕೈಯ ಕೆಳಗೆ ಇರಲಿಲ್ಲ. ಕಣ್ಣಿನ ಗುಡ್ಡೆಗಳೂ ಸವೆದಿದ್ದವು. ಮೂರನೆಯ ದಿನ ಬೆಳಿಗ್ಗೆ ತಂಗಿ ಅದರ ಮುಂದೆ ನೆಲದ ಮೇಲೆ ಕೂತು, ಹಲಗೆ ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲಿನಿಂದ ಬರೆದಳು. ಸೊಂಟದ ಓರೆ, ಸರದ ನೆರಳು, ಮುರಿದ ಜಾಗದ ಒರಟು, ಎಲ್ಲ. ಕಾವಲುಗಾರ ಮುದುಕ ಎರಡು ಸಲ ಬಂದು ನೋಡಿ, ಮೂರನೆಯ ಸಲ ಕೂಡಲು ತನ್ನ ಸ್ಟೂಲು ಕೊಟ್ಟ. ಅವಳು ಬೇಡ ಅಂದಳು. ಮಧ್ಯಾಹ್ನಕ್ಕೆ ಚಿತ್ರ ಮುಗಿಯಿತು. ಮುಗಿಯಿತೆಂದು ನನಗೆ ಗೊತ್ತಾಗಲಿಲ್ಲ, ಅಷ್ಟೆ.

ಉಸ್ತಾನಿ ಹುಡುಗಿಯರನ್ನು ಬಳೆ ಕೊಡಿಸಲು ಚಾರ್‌ಮಿನಾರಿನ ಕಡೆ ಕರೆದುಕೊಂಡು ಹೋದರು. ನಾನು ಧರ್ಮಶಾಲೆಯಲ್ಲಿ ಸಾಮಾನು ಕಾಯುತ್ತ ಉಳಿದೆ. ಬಿಸಿಲು ಕಿಟಕಿಯಿಂದ ಒಳಗೆ ಬಂದಿತ್ತು. ಹೊತ್ತು ಹೋಗದೆ ಹಲಗೆಯ ಮೇಲಿನ ಬಟ್ಟೆ ಸರಿಸಿದೆ. ಅಷ್ಟು ಚಂದದ ಹೆಣ್ಣು, ಕೈಯಿಲ್ಲದೆ, ಕಣ್ಣಿಲ್ಲದೆ. ಪಾಪ, ದಣಿದು ಬಿಟ್ಟಿದ್ದಾಳೆ ಅನ್ನಿಸಿತು. ಭಿನ್ನದ ಮೂರ್ತಿಯನ್ನು ನಾಳೆ ಹೀಗೇ ಹೇಗೆ ಒಪ್ಪಿಸುತ್ತಾಳೆ ಅನ್ನಿಸಿತು. ಪೆನ್ಸಿಲು ಅಲ್ಲೇ ಇತ್ತು. ಮೊಣಕೈಯಿಂದ ಕೆಳಗೆ ಕೈ ಎಳೆದೆ, ಬಳೆ ತೊಡಿಸಿದೆ, ಬೆರಳುಗಳ ನಡುವೆ ಒಂದು ಕಮಲ ಕೊಟ್ಟೆ. ಕಣ್ಣಿಗೆ ಗುಡ್ಡೆ ಇಟ್ಟೆ. ಉಸಿರು ಬಿಗಿಹಿಡಿದು ಸಣ್ಣಗೆ ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಜೋಪಾನವಾಗಿ ಯಾವ ಗೊಂಬೆಗೂ ಬರೆದಿರಲಿಲ್ಲ. ಬಟ್ಟೆ ಮುಚ್ಚಿ, ತಂಗಿಗೆ ಒಂದು ಕೆಲಸ ಹಗುರಾಯಿತೆಂದು ಸಮಾಧಾನದಿಂದ ಮಲಗಿದೆ.

ಅವಳು ಬಂದ ಮೇಲೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ನಮ್ಮ ಮನೆಯಲ್ಲಿ ಅದು ಹೇಳುವ ವಿಷಯವೇ ಅಲ್ಲ.

ಮರುದಿನ ಬೆಳಿಗ್ಗೆ ಉಸ್ತಾನಿ ಮೂರೂ ಚಿತ್ರಗಳನ್ನು ಆಯಾ ವಸ್ತುವಿನ ಮುಂದೆಯೇ ನೋಡುತ್ತೇನೆಂದರು. ಮೊದಲು ತೋಟದ ಅಜಾಯಬಘರ. ಕರಿಯ ಕಲ್ಲಿನ ಮುಂದೆ ತಂಗಿ ಹಲಗೆಯ ಬಟ್ಟೆ ತೆಗೆದಳು. ಅವಳ ಕೈ ಹಾಗೇ ನಿಂತಿತು. ಉಸ್ತಾನಿ ಚಿತ್ರ ನೋಡಿದರು, ಕಲ್ಲು ನೋಡಿದರು, ಮತ್ತೆ ಚಿತ್ರ ನೋಡಿದರು.

"ಈ ಕೈ ಎಲ್ಲಿ ಕಂಡಿ ಬೇಟಾ?"

"ಕಂಡಿಲ್ರಿ."

"ಮತ್ತ ಯಾರು ಬರದ್ರು?"

ತಂಗಿ ನನ್ನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ. ಏನೋ ಕೇಳುವವಳಂತೆ. ನಾನು ಕಲ್ಲಿನ ಕಡೆ ನೋಡಿದೆ. ಅವಳು ಸ್ವಲ್ಪ ಹೊತ್ತು ಕಾದು, "ನಾನ ಬರದೀನ್ರಿ" ಅಂದಳು.

"ಕೈ ಕೆಟ್ಟಿಲ್ಲ" ಅಂದರು ಉಸ್ತಾನಿ. "ಆದ್ರ ನೀ ಹೂವು ಕೊಟ್ಟಿ, ಈಕಿ ದೇವಿ ಆದ್ಲು. ಚಾಮರ ಹಿಡದಿದ್ಲಂದ್ರ ದೇವಿ ಮುಂದ ಗಾಳಿ ಹಾಕೋ ಆಳು. ಕನ್ನಡಿ ಹಿಡದಿದ್ರ ಇಬ್ಬರೂ ಅಲ್ಲ. ಈಕಿ ಯಾರಂತ ಕಲ್ಲು ಹೇಳಿಲ್ಲ. ನೀ ಹ್ಯಾಂಗ ಹೇಳಿದಿ?"

ತಂಗಿ ಹಲಗೆಗೆ ಮತ್ತೆ ಬಟ್ಟೆ ಮುಚ್ಚಿದಳು. ಉಸ್ತಾನಿಯವರ ದನಿಯಲ್ಲಿ ಸಿಟ್ಟಿಗಿಂತ ನಿರಾಸೆ ಹೆಚ್ಚಿತ್ತು. ಅವರೂ ಇವಳನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನನಗೆ ಆಗ ತಿಳಿಯಿತು.

ನಾನು ಮಾತಾಡಬಹುದಿತ್ತು. ಒಂದೇ ಮಾತು: ಅದು ನನ್ನ ಕೈ. ಮೊದಲಿಗೆ ಬಾಯಿ ಏಳದ್ದು ಅಂಜಿಕೆಯಿಂದ. ಕಲಿತವರ ಮುಂದೆ ಮಾತಾಡುವ ರೂಢಿ ಇರಲಿಲ್ಲ. ಆದರೆ ಆ ಅಂಜಿಕೆ ಹವೇಲಿಯ ಬಾಗಿಲು ಮುಟ್ಟುವ ಹೊತ್ತಿಗೆ ಹೋಗಿತ್ತು. ಹೆಣ್ಣುಮಕ್ಕಳು ಒಳಗೆ ಹೋದರು. ನಾನು ಚಪ್ಪಲಿಗಳ ಮುಂದೆ ಕೂತು ಯೋಚಿಸಿದೆ. ಇವಳು ಎರಡು ವರ್ಷ ಇಲ್ಲಿ ನಿಂತರೆ ಗೊಂಬೆಗಳಿಗೆ ಕಣ್ಣು ಬರೆಯುವವರು ಯಾರು? ಅಪ್ಪನ ದೃಷ್ಟಿ ಮಂದವಾಗುತ್ತಿದೆ, ನನ್ನ ಕೈ ದಪ್ಪ. ಇವಳು ಮನೆಯಲ್ಲೇ ಉಳಿದರೆ ಒಳ್ಳೆಯದು. ಹೀಗೆ ಲೆಕ್ಕ ಹಾಕಿದೆ. ಅವರು ಹೊರಗೆ ಬಂದಾಗ ಗಂಗಾವತಿಯ ಹುಡುಗಿಯ ಮುಖ ಅರಳಿತ್ತು. ಅವಳು ಹುಕ್ಕಾವನ್ನು ನೆಗ್ಗು ಸಹಿತ ಬರೆದಿದ್ದಳು; ಶಿಫಾರಸು ಅವಳಿಗೇ ಆಯಿತು. ನಾನು ಎಲ್ಲರ ಚಪ್ಪಲಿ ಜೋಡಿಸಿ ಇಟ್ಟೆ.

ವಾಪಸು ಬರುವ ಗಾಡಿಯಲ್ಲಿ ನನಗೆ ಚೆನ್ನಾಗಿ ನಿದ್ದೆ ಬಂತು. ಇದನ್ನು ಬರೆಯುವಾಗಲೂ ನಾಚಿಕೆಯಾಗುವುದು ಆ ನಿದ್ದೆಯ ನೆನಪಿನಿಂದ.

ಮುಂದಿನ ವರ್ಷ ನೋಡೋಣ ಎಂದು ಉಸ್ತಾನಿ ಹೇಳಿದ್ದರು. ಆದರೆ ಅವರಿಗೆ ರಾಯಚೂರಿಗೆ ವರ್ಗವಾಯಿತು. ಆಮೇಲೆ ಸಂಸ್ಥಾನದಲ್ಲಿ ಗದ್ದಲದ ದಿನಗಳು ಬಂದವು. ಯಾರೂ ಹೆಣ್ಣುಮಕ್ಕಳನ್ನು ದೂರ ಕಳಿಸುವ ಮಾತು ಎತ್ತಲಿಲ್ಲ. ತಂಗಿ ಪರೀಕ್ಷೆ ಮುಗಿಸಿ ಕುಷ್ಟಗಿಯ ಹೆಣ್ಣುಮಕ್ಕಳ ಪ್ರಾಥಮಿಕ ಸಾಲಿಯಲ್ಲಿ ಮಾಸ್ತರಕಿಯಾದಳು. ಅಲ್ಲೇ ಒಂದು ಕೋಣೆ ಮಾಡಿಕೊಂಡಳು. ಸುಖವಾಗಿದ್ದಳು. ಮಕ್ಕಳು ಅವಳನ್ನು ಬಿಟ್ಟಿರುತ್ತಿರಲಿಲ್ಲ. ನಾನು ತಿಂಗಳಿಗೊಮ್ಮೆ ಸರ್ವೀಸ್ ಮೋಟಾರಿನಲ್ಲಿ ಗೊಂಬೆಗಳ ಗಂಟು ಹೊತ್ತು ಹೋಗುತ್ತಿದ್ದೆ. ಸೂಟಿಯ ದಿನವೆಲ್ಲ ಕೂತು ಅವಳು ಕಣ್ಣು ಬರೆದುಕೊಡುತ್ತಿದ್ದಳು. ನಾನು ಏನು ಬಯಸಿ ಸುಮ್ಮನಿದ್ದೆನೋ ಅದು ನನಗೆ ದಕ್ಕಿತ್ತು. ದಕ್ಕಿದ್ದನ್ನು ಪ್ರತಿ ತಿಂಗಳೂ ಕಣ್ಣಾರೆ ನೋಡಬೇಕಾಗಿತ್ತು.

ಸಂಸ್ಥಾನ ಹೋಗಿ ಎಲ್ಲ ತಣ್ಣಗಾದ ಮೇಲೆ ಒಂದು ಮಧ್ಯಾಹ್ನ ಹೇಳಿಬಿಟ್ಟೆ. ಅವಳು ಬಾಗಿಲ ಬೆಳಕಿಗೆ ಕೂತು ಒಂದು ಪುಟ್ಟ ಗೌರಿಗೆ ಹುಬ್ಬು ಎಳೆಯುತ್ತಿದ್ದಳು.

"ಆ ಕೈ ಬರದಿದ್ದು ನಾನ."

"ಗೊತ್ತೈತಿ. ಕಮಲಾನ ನಿನ್ನಂಗ ಬದನಿಕಾಯಿ ಮಾಡವರು ಇನ್ಯಾರದಾರ?"

"ಮತ್ತ ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ?"

"ನಮ್ಮ ಮನಿ ಕೆಲಸ ಯಾರು ಮಾಡಿದ್ರೂ ಮನೀದ ಅಂತ ಬಾಯಿಗೆ ಬಂತು. ನೀ ಹೇಳ್ತಿ ಅಂತ ಕಾದೆ. ಹೆದರ್ಯಾನ ಅಂತ ತಿಳಕೊಂಡೆ."

"ಹೆದರಿದ್ದೆ. ಆಮ್ಯಾಲ ಹೆದರಿಕಿ ಹೋತು. ಆದ್ರೂ ಹೇಳಲಿಲ್ಲ. ನೀ ಅಲ್ಲೇ ನಿಂತ್ರ ಈ ಕಣ್ಣು ಬರಿಯವರಿಲ್ಲ ಅಂತ."

ಅವಳು ಎಳೆಯುತ್ತಿದ್ದ ಹುಬ್ಬನ್ನು ಮುಗಿಸಿದಳು. ಕುಂಚವನ್ನು ನೀರಿನಲ್ಲಿ ಆಡಿಸಿ, ತುದಿ ಒರೆಸಿ, ಗೂಡಿನಲ್ಲಿಟ್ಟಳು.

"ಇದು ಗೊತ್ತಿರ್ಲಿಲ್ಲ" ಅಂದಳು.

ಆಮೇಲೆ ಉಳಿದ ಗೊಂಬೆಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿದಳು. ಕಣ್ಣಿಲ್ಲದವನ್ನೇ.

"ಒಯ್ಯಿ. ಇನ್ನ ತರಬ್ಯಾಡ."

"ನಾ ಬರದ್ರ ಕೆಡ್ತಾವ ತಂಗೆವ್ವ."

"ಕೆಡ್ಲಿ. ಕೆಡಿಸಿ ಕೆಡಿಸಿ ಕಲಿ. ನನ್ನ ಸೂಟಿ ನನಗ ಬೇಕು."

ಆದರೂ ರೊಟ್ಟಿ ಬಡಿಸಿದಳು. ಬದನೆಕಾಯಿ ಪಲ್ಲೆ ಮಾಡಿದ್ದಳು. ಅದನ್ನು ನೋಡಿ ಇಬ್ಬರಿಗೂ ನಗು ಬಂದರೂ ಇಬ್ಬರೂ ನಗಲಿಲ್ಲ.

ನಾನು ಕಣ್ಣು ಬರೆಯುವುದನ್ನು ಕಲಿತೆ. ಬಹಳ ಗೌರಿಯರು ಬೆಚ್ಚಿಬಿದ್ದವರಂತೆ ಸಂತೆಗೆ ಹೋದರು. ಕ್ರಮೇಣ ಕೈ ಸಣ್ಣಗಾಯಿತು. ತಂಗಿ ತನ್ನ ಸೂಟಿಗಳಲ್ಲಿ ಕುಷ್ಟಗಿಯ ಸುತ್ತಲಿನ ಹಾಳು ಗುಡಿಗಳಿಗೆ ಹೋಗಿ ಚಿತ್ರ ಬರೆಯುತ್ತಿದ್ದಳು. ಸಂಬಳದಲ್ಲಿ ಉಳಿಸಿ, ಮುಂದಿನ ಚಳಿಗಾಲಕ್ಕೆ ಸಾಲಿಯ ಇನ್ನಿಬ್ಬರು ಮಾಸ್ತರಕಿಯರನ್ನು ಕರೆದುಕೊಂಡು ಹೈದರಾಬಾದಿಗೆ ಹೊರಟಳು. ತರಬೇತಿಗಲ್ಲ. ಆ ವಯಸ್ಸು ದಾಟಿತ್ತು, ಆ ಎರಡು ವರ್ಷವನ್ನು ನಾನು ಯಾವ ಅಂಗಡಿಯಿಂದಲೂ ತಂದುಕೊಡಲಾರೆ. ಸುಮ್ಮನೆ, ಆ ಕೋಣೆಗಳನ್ನು ಇನ್ನೊಮ್ಮೆ ನೋಡಿ ಬರಲಿಕ್ಕೆ.

ಕೊಪ್ಪಳ ಸ್ಟೇಷನ್ನಿಗೆ ಅವರ ಟ್ರಂಕು ಹೊತ್ತು ಹೋಗಿದ್ದೆ.

"ಜೋಡಿಗೆ ನಾನೂ ಬರ್ಲೇನು?" ಅಂದೆ.

"ಬ್ಯಾಡ. ಈ ಸಲ ನಿಧಾನಕ್ಕ ನೋಡೂದೈತಿ."

ಹೆಂಗಸರ ಡಬ್ಬಿಯೊಳಗೆ ಟ್ರಂಕು ಇಟ್ಟು ಕೆಳಗಿಳಿದೆ. ಗಾಡಿ ಹೊರಟಾಗ ಕಿಟಕಿಯಲ್ಲಿ ಅವಳು ಕಂಡಳು. ನನ್ನ ಕಡೆ ನೋಡುತ್ತಿರಲಿಲ್ಲ. ಎದುರಿಗೆ ಕೂತ ಮಾಸ್ತರಕಿಗೆ ಆಗಲೇ ಏನೋ ವಿವರಿಸತೊಡಗಿದ್ದಳು, ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆಯುತ್ತ.